ಕಣಿಯ ಬದಿಯ ಹುಲ್ಲು, ದನದ ಲಿವರಿನ ಹುಳು

ಹುಳದ ಮಾತ್ರೆ ಕೊಟ್ಟು ತಿಂಗಳಾಯಿತು. ಹಿಂಡಿ ಕಡಿಮೆ ಮಾಡಿಲ್ಲ, ಹಸಿಹುಲ್ಲಿಗೂ ಬರವಿಲ್ಲ. ಆದರೂ ದನ ಮೈ ಹಿಡಿಯುತ್ತಿಲ್ಲ. ರೋಮ ಒರಟಾಗಿ ಎದ್ದು ನಿಂತಿದೆ, ಹಾಲು ವಾರದಿಂದ ವಾರಕ್ಕೆ ಇಳಿಯುತ್ತಿದೆ, ಕಣ್ಣಿನ ಒಳಪೊರೆ ಬಿಳಿಚಿಕೊಂಡಿದೆ. ಸಂಜೆ ಹೊತ್ತಿಗೆ ಗದ್ದದ ಕೆಳಗೆ ಮೆತ್ತಗಿನ ಬಾವು ಬರುತ್ತದೆ, ಮರುದಿನ ಬೆಳಗ್ಗೆ ನೋಡಿದರೆ ಸ್ವಲ್ಪ ಇಳಿದಿರುತ್ತದೆ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಹಟ್ಟಿಯಲ್ಲಿ ಇಂಥ ದನ ಕಂಡರೆ ಮೊದಲು ಅನುಮಾನಪಡಬೇಕಾದದ್ದು ಚಪ್ಪಟೆ ಹುಳುವನ್ನು.

ಅಂಗಡಿಯಿಂದ ತಂದು ಕೊಡುವ ಹುಳದ ಮಾತ್ರೆಗಳಲ್ಲಿ ಹೆಚ್ಚಿನವು ಉರುಟು ಹುಳುಗಳಿಗೆ, ಅಂದರೆ ಎಳ್ಳಿನಷ್ಟರಿಂದ ಗೇಣುದ್ದದವರೆಗಿನ ದಾರದಂಥ ಜಂತುಗಳಿಗೆ ಮಾಡಿದವು. ಉಣ್ಣಿಗೂ ಹುಳಕ್ಕೂ ಒಂದೇ ಮದ್ದು ಎಂದು ಹೆಸರಾದ ಐವರ್‌ಮೆಕ್ಟಿನ್ ಚಪ್ಪಟೆ ಹುಳುವಿನ ಮೇಲೆ ಏನೂ ಮಾಡುವುದಿಲ್ಲ. ಫೆನ್‌ಬೆಂಡಜೋಲನ್ನು ಮಾಮೂಲಿ ಪ್ರಮಾಣದಲ್ಲಿ ಕೊಟ್ಟರೂ ಅಷ್ಟೇ. ಹುಳಕ್ಕೆ ಮದ್ದು ಕೊಟ್ಟಾಗಿದೆ ಎಂಬ ನೆಮ್ಮದಿಯಲ್ಲಿ ನಾವಿರುತ್ತೇವೆ, ಅತ್ತ ಲಿವರಿನೊಳಗೆ ಹುಳು ತನ್ನ ಕೆಲಸ ಮುಂದುವರಿಸುತ್ತದೆ. ಯಾವ ಹುಳು, ಅದು ದೇಹದ ಯಾವ ಭಾಗದಲ್ಲಿದೆ, ಎಷ್ಟು ಬೆಳೆದಿದೆ ಎಂಬುದು ತಿಳಿಯದೆ ಕೊಡುವ ಮದ್ದು ಹಣಕ್ಕೂ ದನಕ್ಕೂ ನಷ್ಟ. ಹೀಗಾಗಿ ಈ ಹುಳುಗಳ ಜಾತಿ ಕುಲದ ವಿವರ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ಎಷ್ಟು ಬೇಕೋ ಎರಡು ದನ ಕಟ್ಟಿಕೊಂಡ ನಮಗೂ ಅಷ್ಟೇ ಬೇಕು.

ಯಾವ ಕುಲ, ಯಾವ ಮನೆ

ಪ್ರಾಣಿಶಾಸ್ತ್ರದಲ್ಲಿ ಇವು ಪ್ಲಾಟಿಹೆಲ್ಮಿಂಥಿಸ್ ಎಂಬ ವಂಶದವು. ಲಾಡಿಹುಳುಗಳೂ ಇದೇ ವಂಶದ ಇನ್ನೊಂದು ಕವಲು. ನಮಗೆ ಬೇಕಾದ ಕವಲು ಟ್ರೆಮಟೋಡ, ಇಂಗ್ಲಿಷಿನವರು ಫ್ಲೂಕ್ ಎನ್ನುವುದು ಇವುಗಳನ್ನೇ. ಮೀನಿನ ಕಿವಿರು, ಚರ್ಮಕ್ಕೆ ಅಂಟಿಕೊಂಡು ಒಂದೇ ಆಶ್ರಯದಲ್ಲಿ ಬದುಕು ಮುಗಿಸುವ ಮೋನೊಜೀನಿಯಗಳನ್ನು ಹಿಂದೆ ಇದರೊಳಗೇ ಸೇರಿಸುತ್ತಿದ್ದರು, ಈಗ ಬೇರೆ ವರ್ಗವೆಂದು ಎತ್ತಿಟ್ಟಿದ್ದಾರೆ. ಉಳಿದವುಗಳಲ್ಲಿ ಬಹುಪಾಲು ಡೈಜೀನಿಯ ಗುಂಪಿನವು, ಗುರುತಿಸಿರುವ ಜಾತಿಗಳೇ ಸುಮಾರು 18,000. ಇವುಗಳ ಬದುಕಿಗೆ ಕನಿಷ್ಠ ಎರಡು ಆಶ್ರಯ ಬೇಕು. ಒಂದು ಬೆನ್ನೆಲುಬಿರುವ ಪ್ರಾಣಿ: ದನ, ಎಮ್ಮೆ, ಆಡು, ಕೋಳಿ, ಕಪ್ಪೆ, ಮೀನು, ಮನುಷ್ಯ, ಯಾವುದೂ ಆಗಬಹುದು. ಇನ್ನೊಂದು ಹೆಚ್ಚುಕಡಿಮೆ ಯಾವಾಗಲೂ ಬಸವನಹುಳು.

ಈ ಹುಳುಗಳ ದೇಹ ಬಹಳ ಸರಳ. ಬಾಯಿಯ ಸುತ್ತ ಒಂದು ಹೀರುಬಟ್ಟಲು, ಸಾಮಾನ್ಯವಾಗಿ ಹೊಟ್ಟೆಯ ಕಡೆ ಇನ್ನೊಂದು. ಕರುಳು ಎರಡಾಗಿ ಕವಲೊಡೆದು ಕುರುಡಾಗಿ ಮುಗಿಯುತ್ತದೆ, ಗುದದ್ವಾರವೇ ಇಲ್ಲ, ತಿಂದದ್ದರ ಉಳಿಕೆ ಬಾಯಿಂದಲೇ ಹೊರಗೆ. ಹೆಚ್ಚಿನವುಗಳಲ್ಲಿ ಗಂಡು ಹೆಣ್ಣು ಅಂಗಗಳೆರಡೂ ಒಂದೇ ದೇಹದಲ್ಲಿರುತ್ತವೆ. ದೇಹದ ದೊಡ್ಡ ಪಾಲು ಮೊಟ್ಟೆ ಮಾಡುವುದಕ್ಕೇ ಮೀಸಲು.

ಹಳೆಯ ಕಾಲದ ವಿಂಗಡಣೆ ಹೀರುಬಟ್ಟಲಿನ ಜಾಗ ನೋಡಿ ಮಾಡಿದ್ದು. ಎರಡನೆಯ ಬಟ್ಟಲು ಹೊಟ್ಟೆಯ ಮೇಲಿದ್ದರೆ ಡಿಸ್ಟೋಮ್, ದೇಹದ ಹಿಂತುದಿಯಲ್ಲಿದ್ದರೆ ಆಂಫಿಸ್ಟೋಮ್, ಕೊರಳಿನ ಸುತ್ತ ಮುಳ್ಳಿನ ಪಟ್ಟಿ ಇದ್ದರೆ ಎಕಿನೋಸ್ಟೋಮ್. ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಇದು ಇಂದಿಗೂ ಉಪಯೋಗದ ಗುರುತು. ಆದರೆ ರಕ್ತಸಂಬಂಧ ಬೇರೆಯೇ ಇದೆ. 2003ರಲ್ಲಿ ವಂಶವಾಹಿಯ ಆಧಾರದ ಮೇಲೆ ಇಡೀ ಡೈಜೀನಿಯವನ್ನು ಪ್ಲಾಜಿಯೋರ್ಕಿಡ ಮತ್ತು ಡಿಪ್ಲೋಸ್ಟೋಮಿಡ ಎಂಬ ಎರಡು ಗಣಗಳಾಗಿ ಹಂಚಿದರು. ದನದ ಲಿವರಿನ ಹುಳುವೂ ಹೊಟ್ಟೆಯ ಹುಳುವೂ ಒಂದೇ ಗಣಕ್ಕೆ ಬಂದವು, ರಕ್ತನಾಳದ ಹುಳು ಇನ್ನೊಂದಕ್ಕೆ ಹೋಯಿತು. ಈ ಗೆರೆ ನಮ್ಮ ಹಟ್ಟಿಯ ಲೆಕ್ಕಕ್ಕೂ ಸರಿಹೊಂದುತ್ತದೆ: ಮೊದಲ ಎರಡು ಹುಲ್ಲಿನ ಜತೆ ಬಾಯಿಯ ಮೂಲಕ ಒಳಹೋಗುತ್ತವೆ, ಮೂರನೆಯದು ನೀರಿಗಿಳಿದ ದನದ ಚರ್ಮ ಕೊರೆದು ನುಗ್ಗುತ್ತದೆ. ತಡೆಯುವ ದಾರಿಯೂ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಮೊದಲನೆಯದು ಲಿವರಿನ ಹುಳು, ಫ್ಯಾಸಿಯೋಲ. ಹಿಮಾಲಯದ ತಪ್ಪಲಿನಂಥ ತಂಪು ಸೀಮೆಯಲ್ಲಿ ಇರುವುದು ಫ್ಯಾಸಿಯೋಲ ಹೆಪಾಟಿಕ, ಲಿನ್ನೇಯಸ್ 1758ರಲ್ಲೇ ಹೆಸರಿಟ್ಟ ಹುಳು. ನಮ್ಮದು ಫ್ಯಾಸಿಯೋಲ ಜೈಗ್ಯಾಂಟಿಕ. 1855ರಲ್ಲಿ ಕಾಬೋಲ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದ್ದು ಸಂಚಾರಿ ಮೃಗಾಲಯವೊಂದರ ಜಿರಾಫೆಯ ಲಿವರಿನಲ್ಲಿ ಕಂಡು. ಬೆಳೆದ ಹುಳು ಎರಡೂವರೆಯಿಂದ ಏಳೂವರೆ ಸೆಂಟಿಮೀಟರ್ ಉದ್ದ, ಕಂದು ಬಣ್ಣ, ತೆಳ್ಳಗೆ. ಪಿತ್ತನಾಳಗಳಲ್ಲಿ ವಾಸ. ಅದಿರುವ ನಾಳಗಳು ದಪ್ಪಗಟ್ಟಿ ಗಡುಸಾಗುತ್ತವೆ.

ಎರಡನೆಯದು ಆಂಫಿಸ್ಟೋಮ್. ಪ್ಯಾರಾಂಫಿಸ್ಟೋಮಮ್, ಗ್ಯಾಸ್ಟ್ರೋಥೈಲಾಕ್ಸ್, ಫಿಶೋಡೀರಿಯಸ್, ಕೊಟೈಲೋಫೋರಾನ್ ಎಂದು ಇದರಲ್ಲಿ ಅನೇಕ ಕುಲ. ದಪ್ಪ, ಗಿಡ್ಡ, ಗುಲಾಬಿ ಬಣ್ಣ, ಸುಮಾರು ಒಂದು ಸೆಂಟಿಮೀಟರ್. ಬೆಳೆದವು ದನದ ಮೊದಲ ಹೊಟ್ಟೆಯ ಗೋಡೆಗೆ ಸಾಲುಸಾಲಾಗಿ ಅಂಟಿಕೊಂಡಿರುತ್ತವೆ. ನೋಡಿದರೆ ಮೈ ಜುಮ್ಮೆನ್ನುವಷ್ಟು ಇದ್ದರೂ ಬೆಳೆದ ಹುಳುಗಳಿಂದ ದನಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಪ್ರಾಣಕ್ಕೆ ಕುತ್ತು ತರುವವು ಇದರ ಮರಿಗಳು. ಅವು ಮೊದಲು ಇಳಿಯುವುದು ಸಣ್ಣ ಕರುಳಿನ ಆರಂಭಕ್ಕೆ. ಅಲ್ಲಿ ಒಳಪದರವನ್ನು ಹೀರಿ ಕಿತ್ತು ತಿಂದು, ವಾರಗಳ ಮೇಲೆ ಹೊಟ್ಟೆಯತ್ತ ಹಿಂದಕ್ಕೆ ತೆವಳುತ್ತವೆ. ಮೊದಲ ಮಳೆಗಾಲ ಕಾಣುವ ಕಡಸು, ಕರುಗಳಿಗೆ ಇದು ಕಂಟಕ. ನೀರಿನಂಥ, ಸಹಿಸಲಾಗದ ದುರ್ವಾಸನೆಯ ಭೇದಿ, ಗದ್ದದ ಕೆಳಗೆ ಬಾವು, ಹದಿನೈದು ಇಪ್ಪತ್ತು ದಿನಗಳಲ್ಲಿ ಎಲುಬು ಎಣಿಸುವ ಸ್ಥಿತಿ. ಸಗಣಿಯಲ್ಲಿ ಮೊಟ್ಟೆ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಮರಿಗಳು ಮೊಟ್ಟೆ ಇಡುವುದಿಲ್ಲ. ಭೇದಿಯನ್ನು ಒಂದು ಬಕೆಟಿನಲ್ಲಿ ನೀರಿಗೆ ಕಲಸಿ, ತಳ ಕಟ್ಟಿದ ಮೇಲೆ ಮೇಲಿನ ನೀರು ಬಸಿದು ನೋಡಿದರೆ ಸಣ್ಣ ಗುಲಾಬಿ ಹುಳುಗಳು ಕಂಡಾವು. ಕಂಡರೆ ಆ ದಿನವೇ ಡಾಕ್ಟರಿಗೆ ಹೇಳಬೇಕು.

ಮೂರನೆಯದು ರಕ್ತನಾಳದ ಹುಳು, ಶಿಸ್ಟೋಸೋಮ. ಡೈಜೀನಿಯದ ನಿಯಮಗಳನ್ನೆಲ್ಲ ಮುರಿದ ಗುಂಪು ಇದು. ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಮೈಯುದ್ದಕ್ಕೂ ಇರುವ ಮಡಿಕೆಯೊಳಗೆ ಹೆಣ್ಣು ಬದುಕಿಡೀ ಇರುತ್ತದೆ. ಕರುಳಿನ ರಕ್ತನಾಳಗಳಲ್ಲಿರುವ ಶಿಸ್ಟೋಸೋಮ ಸ್ಪಿಂಡೇಲ್ ಮತ್ತು ಇಂಡಿಕಮ್ ಎಂಬೆರಡು ಜಾತಿಗಳನ್ನು 1906ರಲ್ಲಿ ಮಾಂಟ್ಗೊಮೆರಿ ವರ್ಣಿಸಿದರು. ರೈತನಿಗೆ ಕಿವಿಯಿಂದಲೇ ಗೊತ್ತಾಗುವ ಜಾತಿ ಮಾತ್ರ ಶಿಸ್ಟೋಸೋಮ ನೇಸೇಲ್, ಅದು ತರುವುದು ಗೊರಕೆ ರೋಗ. ಹುಳುಗಳು ಮೂಗಿನ ಒಳಪದರದ ರಕ್ತನಾಳಗಳಲ್ಲಿ ನೆಲೆಸುತ್ತವೆ. ಮೊಟ್ಟೆಗಳು ಹೊರಬರಲು ಪದರವನ್ನು ಹರಿದಾಗ ಅಲ್ಲಿ ಹುಣ್ಣು, ಕೀವು, ಆಮೇಲೆ ಹೂಕೋಸಿನ ಹಾಗೆ ಉಬ್ಬಿದ ಗಂಟು. ಮೂಗಿನ ದಾರಿ ಕಿರಿದಾಗಿ ದನ ಉಸಿರೆಳೆದಾಗೆಲ್ಲ ಗೊರಕೆ ಕೇಳುತ್ತದೆ, ಸೀನುತ್ತದೆ, ರಕ್ತ ಬೆರೆತ ಸಿಂಬಳ ಸುರಿಯುತ್ತದೆ. ಎಮ್ಮೆಗಳಿಗೆ ಸೋಂಕಿದ್ದರೂ ಲಕ್ಷಣ ಸಾಮಾನ್ಯವಾಗಿ ಕಾಣುವುದಿಲ್ಲ, ದನಗಳೇ ಹೆಚ್ಚು ನರಳುತ್ತವೆ. ಈ ರೋಗಕ್ಕೆ ಕಾರಣವೇನೆಂದು ಬಹುಕಾಲ ತಿಳಿದಿರಲಿಲ್ಲ. ಅದರ ಹಿಂದಿನ ಹುಳುವನ್ನು ಗುರುತಿಸಿ 1933ರಲ್ಲಿ ಹೆಸರಿಟ್ಟವರು ಮದ್ರಾಸಿನ ಎಂ. ಅನಂತನಾರಾಯಣ ರಾವ್. ಆಗ ನಮ್ಮ ಪುತ್ತೂರು ಸೀಮೆಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು.

ಕೋಳಿ ಸಾಕಿದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಂಗಳದ ಕೋಳಿ ಸಿಪ್ಪೆಯಿಲ್ಲದ ಮೆತ್ತಗಿನ ಮೊಟ್ಟೆ ಇಡತೊಡಗಿದರೆ ಸುಣ್ಣದ ಕೊರತೆಯೊಂದೇ ಕಾರಣವಾಗಿರಬೇಕಿಲ್ಲ. ಪ್ರೋಸ್ತೋಗೋನಿಮಸ್ ಎಂಬ ಚಪ್ಪಟೆ ಹುಳು ಕೋಳಿಯ ಅಂಡನಾಳದಲ್ಲಿ ಸೇರಿದರೂ ಹೀಗಾಗುತ್ತದೆ. ಅದು ಬರುವುದು ಕೋಳಿ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯಿಂದ.

ಮೊಟ್ಟೆಯಿಂದ ಹುಲ್ಲಿಗೆ

1879–80ರ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಲಿವರಿನ ಹುಳುವಿನಿಂದ ಸತ್ತ ಕುರಿಗಳು ಸುಮಾರು ಮೂವತ್ತು ಲಕ್ಷ. ಆ ಹೊಡೆತದ ಬಳಿಕವೇ ಆಕ್ಸ್‌ಫರ್ಡಿನ ಎ.ಪಿ.ಡಬ್ಲ್ಯು. ಥಾಮಸ್, ಜರ್ಮನಿಯ ಲೈಪ್‌ಜಿಗ್‌ನಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಇಬ್ಬರೂ ಬೇರೆಬೇರೆಯಾಗಿ ಕೆಲಸ ಮಾಡಿ 1881–83ರಲ್ಲಿ ಈ ಹುಳು ಬಸವನಹುಳುವಿನೊಳಗೆ ಬೆಳೆಯುವುದನ್ನು ಬಿಡಿಸಿ ತೋರಿಸಿದರು. ಒಂದು ಚಪ್ಪಟೆ ಹುಳುವಿನ ಪೂರ್ತಿ ಜೀವನಚಕ್ರ ಹೊರಬಿದ್ದದ್ದು ಆಗಲೇ.

ದನದ ಸಗಣಿಯಲ್ಲಿ ಮೊಟ್ಟೆ ಹೊರಬರುತ್ತದೆ. ಒಂದು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ, ಹೆಪಾಟಿಕದ ಲೆಕ್ಕ 20,000 ದಾಟುತ್ತದೆ. ಸಗಣಿಯ ಮುದ್ದೆಯೊಳಗೆ ಇರುವಷ್ಟು ಕಾಲ ಮೊಟ್ಟೆ ಬೆಳೆಯುವುದಿಲ್ಲ. ಮಳೆಗೆ ಸಗಣಿ ಕರಗಿ, ಮೊಟ್ಟೆ ನೀರಿಗೆ ಬಿದ್ದರೆ ಮಾತ್ರ ನಮ್ಮ ಸೆಖೆಗೆ ಎರಡು ಮೂರು ವಾರದಲ್ಲಿ ಮುಚ್ಚಳ ತೆರೆದು ರೋಮಭರಿತ ಮರಿ, ಮಿರಾಸಿಡಿಯಮ್, ಈಜಿ ಹೊರಬರುತ್ತದೆ. ಅದರ ಆಯುಷ್ಯ ಒಂದು ದಿನ. ಅಷ್ಟರೊಳಗೆ ತನಗೆ ಒಗ್ಗುವ ಬಸವನಹುಳು ಸಿಗಬೇಕು, ಇಲ್ಲವಾದರೆ ಸತ್ತುಹೋಗುತ್ತದೆ. ಸಿಕ್ಕರೆ ಅದರೊಳಗೆ ಹೊಕ್ಕು ಸ್ಪೋರೋಸಿಸ್ಟ್, ರೀಡಿಯ ಎಂಬ ಹಂತಗಳಲ್ಲಿ ಗಂಡು ಹೆಣ್ಣಿನ ಕೂಡುವಿಕೆಯಿಲ್ಲದೆಯೇ ಪೀಳಿಗೆ ಹೆಚ್ಚಿಸಿಕೊಳ್ಳುತ್ತದೆ. ಒಂದು ಮಿರಾಸಿಡಿಯಮ್ಮಿನಿಂದ ನೂರಾರು ಬಾಲದ ಮರಿಗಳು, ಸರ್ಕೇರಿಯಗಳು, ತಯಾರಾಗುತ್ತವೆ. ಅವು ಬಸವನಹುಳುವಿನಿಂದ ಹೊರಬಿದ್ದು, ಸ್ವಲ್ಪ ಹೊತ್ತು ಈಜಿ, ನೀರಿನಂಚಿನ ಹುಲ್ಲಿನ ಕಾಂಡಕ್ಕೆ ಅಂಟಿ, ಬಾಲ ಕಳಚಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕೂರುತ್ತವೆ. ಇದು ಮೆಟಾಸರ್ಕೇರಿಯ, ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದ ಬಿಳಿ ಚುಕ್ಕೆ. ತೇವವಿದ್ದರೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಒಣ ಬಿಸಿಲಿಗೆ ಸಾಯುತ್ತದೆ.

ಹುಲ್ಲಿನ ಜತೆ ದನದ ಹೊಟ್ಟೆಗೆ ಹೋದ ಲಿವರಿನ ಹುಳುವಿನ ಮರಿ ಕರುಳಿನ ಗೋಡೆ ತೂತು ಮಾಡಿ ಹೊಟ್ಟೆಯ ಟೊಳ್ಳಿಗೆ ಬಂದು, ಹೊರಗಿನಿಂದ ಲಿವರನ್ನು ಕೊರೆದು ಒಳಹೊಕ್ಕು, ವಾರಗಟ್ಟಲೆ ಅದನ್ನು ತಿನ್ನುತ್ತ ಸಾಗಿ ಕೊನೆಗೆ ಪಿತ್ತನಾಳ ಸೇರುತ್ತದೆ. ಮೊಟ್ಟೆ ಇಡಲು ತೊಡಗುವುದಕ್ಕೆ ಮೂರರಿಂದ ನಾಲ್ಕು ತಿಂಗಳು. ಅಂದರೆ ಅಕ್ಟೋಬರಿನಲ್ಲಿ ತಿಂದ ಮರಿಯ ಸುಳಿವು ಸಗಣಿ ಪರೀಕ್ಷೆಯಲ್ಲಿ ಸಿಗುವುದು ಜನವರಿ ಕಳೆದ ಮೇಲೆ. ಈ ನಡುವಿನ ಕಾಲದಲ್ಲಿ ರಿಪೋರ್ಟು ಸರಿಯಿದೆ ಎಂದು ಬಂದರೂ ಲಿವರ್ ಹಾಳಾಗುತ್ತಿರಬಹುದು.

ಶಿಸ್ಟೋಸೋಮದ ಬದುಕಿನಲ್ಲಿ ಹುಲ್ಲಿನ ಮೇಲೆ ಕೂರುವ ಹಂತ ಇಲ್ಲವೇ ಇಲ್ಲ. ಅದರ ಕವಲುಬಾಲದ ಸರ್ಕೇರಿಯ ನೇರವಾಗಿ ಚರ್ಮಕ್ಕೆ ನುಗ್ಗುತ್ತದೆ.

ತೋಟದ ಕಣಿಯಲ್ಲಿ ಏನು ನೋಡಬೇಕು

ನಮ್ಮ ಪುತ್ತೂರು ಸೀಮೆಯ ಸವಣೂರಿನ ಸುತ್ತ ಭೂಮಿಯ ಇಳಿಜಾರು ನೀರನ್ನು ಕುಮಾರಧಾರೆಯ ಕಡೆಗೆ ಒಯ್ಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯ ಸೀಮೆ. ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲಾಗಿ ಇಳಿಯುತ್ತಿದ್ದ ಗದ್ದೆಗಳಲ್ಲಿ ಬಹಳಷ್ಟು ಈಗ ಅಡಿಕೆ ತೋಟವಾಗಿವೆ. ಭತ್ತ ಹೋಯಿತು, ಕೆಸರು ಹೋಯಿತು, ಇನ್ನು ಹುಳು ಎಲ್ಲಿಂದ ಎಂದು ಕೇಳುವವರಿದ್ದಾರೆ. ಆದರೆ ತೋಟದಲ್ಲಿ ಸಾಲಿಗೊಂದು ಕಣಿ ಇದೆ. ಮಳೆಗಾಲದಲ್ಲಿ ನೀರು ಬಸಿಯಲು ತೆಗೆದದ್ದು, ಬೇಸಗೆಯಲ್ಲೂ ಸ್ಪ್ರಿಂಕ್ಲರ್ ನೀರಿಗೆ ಅದರ ತಳ ಹಸಿಯಾಗಿಯೇ ಇರುತ್ತದೆ. ಕಣಿಯ ಎರಡೂ ಬದಿ ಎಳೆ ಹುಲ್ಲು ಸೊಂಪಾಗಿ ಬರುತ್ತದೆ, ದನಕ್ಕೆ ಕೊಯ್ಯುವುದೂ ಅದನ್ನೇ. ಇತ್ತೀಚೆಗೆ ಸಗಣಿ ಸ್ಲರಿಯನ್ನು ಪಂಪ್ ಹಾಕಿ ಅಡಿಕೆ ಬುಡಕ್ಕೆ ಬಿಡುವ ರೂಢಿ ಹೆಚ್ಚಾಗಿದೆ, ಬುಡದಲ್ಲಿ ಇಂಗದೆ ಉಳಿದದ್ದು ಕಣಿಗೆ ಇಳಿಯುತ್ತದೆ. ಮೊಟ್ಟೆ, ನಿಂತ ನೀರು, ಬಸವನಹುಳು, ಹುಲ್ಲು ನಾಲ್ಕೂ ಒಂದೇ ಕಡೆ ಸೇರಿದಂತಾಯಿತು. ತೋಟಕ್ಕೆ ಸ್ಲರಿ ಒಳ್ಳೆಯದೇ, ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕಣಿಗೆ ಇಳಿಯದ ಹಾಗೆ ಬಿಡುವ ಶಿಸ್ತು ಬೇಕು ಎನ್ನುತ್ತೇನೆ.

ಕಣಿಯ ಬಳಿ ಬಗ್ಗಿ ಕುಳಿತು ಬಸವನಹುಳುಗಳನ್ನು ಒಮ್ಮೆ ಹೆಕ್ಕಿ ನೋಡಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಸರಿ. ಮೊದಲು ಚಿಪ್ಪಿನ ಬಾಯಿಗೆ ಮುಚ್ಚಳ ಇದೆಯೇ ನೋಡಬೇಕು. ಗದ್ದೆಯಿಂದ ಹೆಕ್ಕಿ ತಂದು ಸಾರು ಮಾಡುವ ನರ್ತೆಗೆ ಗಟ್ಟಿ ಮುಚ್ಚಳ ಇರುತ್ತದೆ. ಈ ಮೂರೂ ಹುಳುಗಳ ಬೆಳವಣಿಗೆ ಅದರಲ್ಲಿ ಆಗುವುದಿಲ್ಲ. ಮುಚ್ಚಳವಿಲ್ಲದವು ಎರಡು ಬಗೆ. ಚಿಪ್ಪಿನ ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿದಾಗ ಬಾಯಿ ಬಲಕ್ಕಿದ್ದು, ಅಗಲವಾಗಿದ್ದು, ಚಿಪ್ಪು ತೆಳ್ಳಗೆ ಅರೆಪಾರದರ್ಶಕವಾಗಿದ್ದರೆ ಅದು ಲಿಮ್ನಿಯ. ಲಿವರಿನ ಹುಳುವನ್ನು ಸಾಕುವುದು ಇದು. ತುದಿಯೇ ಇಲ್ಲದೆ, ಒಂದೇ ಮಟ್ಟದಲ್ಲಿ ಸುರುಳಿ ಸುತ್ತಿ, ಕಂದು ಬಣ್ಣದ್ದಾಗಿ, ಹೆಚ್ಚೆಂದರೆ ಎರಡು ಸೆಂಟಿಮೀಟರ್ ಅಗಲವಾಗಿದ್ದರೆ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ಜಜ್ಜಿದರೆ ಕೆಂಪು ದ್ರವ ಬರುತ್ತದೆ, ಅದರ ರಕ್ತದಲ್ಲಿ ನಮ್ಮ ಹಾಗೆಯೇ ಹೀಮೋಗ್ಲೋಬಿನ್ ಇದೆ. ಗೊರಕೆ ರೋಗದ ಹುಳು, ಕರುಳಿನ ರಕ್ತನಾಳದ ಹುಳು, ಹೊಟ್ಟೆಯ ಆಂಫಿಸ್ಟೋಮ್ ಎಲ್ಲಕ್ಕೂ ಇದೊಂದೇ ಬಸವನಹುಳು ಆಶ್ರಯ ಕೊಡುತ್ತದೆ. ಎರಡೂ ಬಗೆ ನಿಂತ ಅಥವಾ ಮೆಲ್ಲಗೆ ಹರಿಯುವ ನೀರನ್ನೇ ಬಯಸುತ್ತವೆ. ಬಸವನಹುಳು ಸಿಕ್ಕಿತೆಂದರೆ ಸೋಂಕು ಇದೆ ಎಂದಾಗದು, ಆದರೆ ಯಾವ ಮೂಲೆಯ ಹುಲ್ಲು ನಂಬಲಾಗದು ಎಂಬುದು ತಿಳಿಯುತ್ತದೆ.

ಬಸವನಹುಳುವನ್ನೇ ಕೊಲ್ಲಲು ಮೈಲುತುತ್ತು ಹಾಕಿದರಾಯಿತು ಎಂಬ ಸಲಹೆ ಹಳೆಯದು. ಅಡಿಕೆಗೆ ಬೋರ್ಡೋ ಮದ್ದು ಬಿಡುವವರ ಮನೆಯಲ್ಲಿ ಮೈಲುತುತ್ತಿಗೆ ಕೊರತೆಯಿಲ್ಲ, ಹಾಗಾಗಿ ಆಸೆಯೂ ಆಗುತ್ತದೆ. ದಯವಿಟ್ಟು ಬೇಡ. ತಾಮ್ರ ಮೀನು, ಕಪ್ಪೆಮರಿಗಳನ್ನೂ ಕೊಲ್ಲುತ್ತದೆ, ಕುರಿಗಳಿಗೆ ವಿಷ, ಕಣಿಯ ನೀರು ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಮುಂದಿನ ಮಳೆಗೆ ಬಸವನಹುಳು ಮೇಲಿನ ತೋಟದಿಂದ ಮತ್ತೆ ಬರುತ್ತದೆ.

ಬಾತುಕೋಳಿ ಸಾಕುವ ಅನುಕೂಲ ಇದ್ದರೆ ಅದು ಬೇರೆ ಮಾತು. ಬಾತು ಬಸವನಹುಳುವನ್ನು ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇಂಡೊನೇಷ್ಯಾದ ಭತ್ತದ ಸೀಮೆಯಲ್ಲಿ ಸಂಶೋಧಕರು ಇನ್ನೂ ಒಂದು ಸಂಗತಿಯನ್ನು ಕೆಲಸಕ್ಕೆ ಹಚ್ಚಿದರು. ಬಾತಿನ ಕರುಳಿನಲ್ಲಿ ಎಕಿನೋಸ್ಟೋಮ ಎಂಬ ಇನ್ನೊಂದು ಚಪ್ಪಟೆ ಹುಳು ಇರುತ್ತದೆ. ಅದರ ಮರಿಗಳೂ ಅದೇ ಲಿಮ್ನಿಯದೊಳಗೆ ಬೆಳೆಯುತ್ತವೆ, ಅಲ್ಲಿ ಲಿವರಿನ ಹುಳುವಿನ ಮರಿಗಳು ಎದುರಾದರೆ ಅವನ್ನು ತಿಂದುಹಾಕುತ್ತವೆ. ಎಕಿನೋಸ್ಟೋಮದ ರೀಡಿಯಕ್ಕೆ ಬಲವಾದ ಬಾಯಿ ಇದೆ, ಒಂದೇ ಬಸವನಹುಳುವಿನಲ್ಲಿ ಎರಡೂ ಸೇರಿದರೆ ಗೆಲ್ಲುವುದು ಅದೇ. ದನದ ಹಟ್ಟಿಯ ಬಳಿ ಬಾತಿನ ಗೂಡು ಇಟ್ಟು, ಎರಡರ ಹಿಕ್ಕೆ ಸಗಣಿ ಒಂದೇ ದಾರಿಯಲ್ಲಿ ಗದ್ದೆಗೆ ಹೋಗುವಂತೆ ಮಾಡಿ ಅಲ್ಲಿ ಲಿವರಿನ ಹುಳುವಿನ ಹಾವಳಿ ತಗ್ಗಿಸುವ ವಿಧಾನ ರೂಪಿಸಿದರು. ವಿಷವಿಲ್ಲದೆ ಹುಳುವಿನ ಮೇಲೆ ಹುಳುವನ್ನೇ ಬಿಡುವ ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ. ನಮ್ಮ ಬೈಲುಗಳಲ್ಲೂ ಯಾರಾದರೂ ಶಾಸ್ತ್ರೀಯವಾಗಿ ಮಾಡಿ ನೋಡಬೇಕು ಎಂಬ ಆಸೆ ಇದೆ.

ಹುಲ್ಲು, ನೀರು, ಸಗಣಿ

ಕೊಯ್ಯುವಾಗ ನೀರಿಗೆ ತಾಗಿದ ಬುಡ ಬಿಟ್ಟು ಮೇಲಿನ ಭಾಗ ಮಾತ್ರ ಕೊಯ್ಯಿರಿ. ಮೆಟಾಸರ್ಕೇರಿಯಗಳು ಹೆಚ್ಚಾಗಿ ನೀರಿನ ಮಟ್ಟದ ಆಚೀಚೆಯ ಕಾಂಡದಲ್ಲೇ ಇರುತ್ತವೆ. ಕಣಿಯೊಳಗಿನ ಹುಲ್ಲನ್ನು ದನಕ್ಕೆ ಹಾಕಲೇಬೇಕಾದರೆ ಬಿಸಿಲಿಗೆ ಹರಡಿ ಮೂರು ದಿನ ಚೆನ್ನಾಗಿ ಒಣಗಿಸಿ. ಬೈಹುಲ್ಲಿಗೂ ಇದೇ ನಿಯಮ: ಗರಿಗರಿ ಒಣಗಿದ್ದು ಸುರಕ್ಷಿತ, ಗದ್ದೆಯಿಂದ ಒದ್ದೆಯಾಗಿಯೇ ತಂದು ಹಾಕಿದ್ದು ಅಲ್ಲ. ಚೆನ್ನಾಗಿ ಹುಳಿತ ರಸಮೇವಿನಲ್ಲೂ ಕೋಶಗಳು ಉಳಿಯುವುದು ಕಷ್ಟ. ಮೇಯಲು ಬಿಡುವವರು ಮಳೆ ನಿಂತು ನೀರು ಇಳಿಯುವ ಕಾಲದಲ್ಲಿ, ಅಂದರೆ ಅಕ್ಟೋಬರಿನಿಂದ ಜನವರಿಯವರೆಗೆ, ಬೈಲಿನ ತಗ್ಗು, ಕೆರೆಯಂಚು ತಪ್ಪಿಸಬೇಕು. ಬೇರೆಡೆ ಹುಲ್ಲು ಒಣಗಿ ಅಲ್ಲಿ ಮಾತ್ರ ಹಸಿರು ಉಳಿದಿರುವುದರಿಂದ ದನ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಗೊರಕೆ ರೋಗಕ್ಕೆ ಹುಲ್ಲಿನ ಎಚ್ಚರ ಸಾಲದು. ದನ ಕೆರೆಯಲ್ಲಿ, ನಿಂತ ತೋಡಿನಲ್ಲಿ ಇಳಿಯಬಾರದು, ಕುಡಿಯಲು ಬಾವಿ ಅಥವಾ ಬೋರಿನ ನೀರನ್ನು ಬಾನಿಯಲ್ಲೇ ಕೊಡಬೇಕು. ಬಾನಿಯ ಬುಡದಲ್ಲಿ ನಳ್ಳಿ ಸೋರಿ ಸದಾ ಒದ್ದೆ ಇದ್ದರೆ ಅಲ್ಲೇ ಬಸವನಹುಳು ಸಂಸಾರ ಹೂಡುತ್ತದೆ, ಅದನ್ನು ಸರಿಮಾಡಿಸಿ.

ಸಗಣಿ ಗುಂಡಿಯಲ್ಲಿ ಬಿಸಿ ಏರಿ ಕಳಿತ ಗೊಬ್ಬರದಲ್ಲಿ ಮೊಟ್ಟೆ ಸಾಯುತ್ತದೆ. ಗೋಬರ್ ಗ್ಯಾಸಿನಿಂದ ಬಂದ ಸ್ಲರಿಯಲ್ಲಿ ಮೊಟ್ಟೆ ಕಡಿಮೆಯಾದರೂ ಪೂರ್ತಿ ನಾಶವಾಗಿದೆ ಎಂದು ನಂಬುವ ಹಾಗಿಲ್ಲ. ಜೋರು ಮಳೆಯ ದಿನ ಸ್ಲರಿ ಬಿಡಬೇಡಿ.

ಪರೀಕ್ಷೆ ಮತ್ತು ಮದ್ದು

ಸಗಣಿ ಪರೀಕ್ಷೆ ಮಾಡಿಸುವಾಗ ಚಪ್ಪಟೆ ಹುಳುವಿನ ಅನುಮಾನ ಇದೆ ಎಂದು ಬಾಯಿಬಿಟ್ಟು ಹೇಳಿ. ಉರುಟು ಹುಳುವಿನ ಹಗುರ ಮೊಟ್ಟೆಗಳನ್ನು ಉಪ್ಪಿನ ದ್ರಾವಣದಲ್ಲಿ ತೇಲಿಸಿ ನೋಡುತ್ತಾರೆ. ಚಪ್ಪಟೆ ಹುಳುವಿನ ಮೊಟ್ಟೆ ಭಾರ, ತೇಲುವುದಿಲ್ಲ. ಸಗಣಿಯನ್ನು ನೀರಿಗೆ ಕಲಸಿ, ಜರಡಿ ಹಿಡಿದು, ತಳ ಕಟ್ಟಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಮತ್ತೆ ನೀರು ಹಾಕಿ, ನೀರು ತಿಳಿಯಾಗುವವರೆಗೆ ಹೀಗೇ ಮಾಡಿ ಕೊನೆಗೆ ತಳದ ಒಂದು ಹನಿಯನ್ನು ನೋಡಬೇಕು. ಸೂಕ್ಷ್ಮದರ್ಶಕದಡಿ ಲಿವರಿನ ಹುಳುವಿನ ಮೊಟ್ಟೆ ಪಿತ್ತರಸದ ಬಣ್ಣ ಹಿಡಿದು ಹೊಂಬಣ್ಣಕ್ಕಿರುತ್ತದೆ, ಆಂಫಿಸ್ಟೋಮಿನ ಮೊಟ್ಟೆ ಅಷ್ಟೇ ದೊಡ್ಡದಾದರೂ ಬಣ್ಣವಿಲ್ಲದೆ ಬೂದುಛಾಯೆಯಲ್ಲಿರುತ್ತದೆ. ಎರಡಕ್ಕೂ ಒಂದು ತುದಿಯಲ್ಲಿ ಮುಚ್ಚಳ. ಗೊರಕೆ ರೋಗದ ಮೊಟ್ಟೆ ಸಿಂಬಳದಲ್ಲಿ ಸಿಗುತ್ತದೆ, ಮುಚ್ಚಳವಿಲ್ಲ, ಉದ್ದಕ್ಕೆ ಬಾಗಿದ ಆಕಾರ, ತುದಿಯಲ್ಲಿ ಮುಳ್ಳು.

ಮದ್ದಿನ ಹೆಸರುಗಳು ತಿಳಿದಿದ್ದರೆ ಡಾಕ್ಟರ ಜತೆ ಮಾತ್ರವಲ್ಲ, ಅಂಗಡಿಯಲ್ಲೂ ಸರಿಯಾದದ್ದನ್ನು ಕೇಳಬಹುದು. ಟ್ರೈಕ್ಲಾಬೆಂಡಜೋಲ್ ಲಿವರನ್ನು ಕೊರೆಯುತ್ತಿರುವ ಎಳೆ ಹುಳುವನ್ನೂ ಬೆಳೆದದ್ದನ್ನೂ ಕೊಲ್ಲುತ್ತದೆ, ಆಂಫಿಸ್ಟೋಮಿಗೆ ಆಗದು. ಆಕ್ಸಿಕ್ಲೋಜನೈಡ್ ಪಿತ್ತನಾಳ ಸೇರಿದ ಬೆಳೆದ ಲಿವರಿನ ಹುಳುವಿಗೂ ಆಂಫಿಸ್ಟೋಮಿಗೂ ಕೆಲಸ ಮಾಡುತ್ತದೆ, ಲಿವರಿನೊಳಗೆ ಓಡಾಡುವ ಮರಿಗೆ ಸಾಲದು. ಆಲ್ಬೆಂಡಜೋಲ್ ಬೆಳೆದ ಹುಳುವಿಗೆ ಮಾತ್ರ, ಅದೂ ಉರುಟು ಹುಳುವಿಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಹೊಸದಾಗಿ ಗಬ್ಬವಾದ ದನಕ್ಕೆ ಮೊದಲ ತಿಂಗಳಲ್ಲಿ ಅದನ್ನು ಕೊಡಲೇಬಾರದು. ಗೊರಕೆ ರೋಗಕ್ಕೆ ಆಂಟಿಮನಿಯ ಇಂಜೆಕ್ಷನ್, ಪ್ರಾಜಿಕ್ವಾಂಟೆಲ್ ಇವೆಲ್ಲ ಪಶುವೈದ್ಯರ ಕೈಯಲ್ಲೇ ಆಗಬೇಕು. ದನ ಅದೇ ಕೆರೆಗೆ ಮತ್ತೆ ಇಳಿದರೆ ಗೊರಕೆಯೂ ಮರಳುತ್ತದೆ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಸೊಸೈಟಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು ಎಂಬುದನ್ನು ಕೇಳದೆ ಬರಬೇಡಿ. ಒಂದೊಂದು ಮದ್ದಿಗೆ ಒಂದೊಂದು ಲೆಕ್ಕ ಇದೆ, ಕೆಲವನ್ನು ಕರೆಯುವ ದನಕ್ಕೆ ಕೊಡುವಂತೆಯೇ ಇಲ್ಲ.

ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಕಣ್ಣಂದಾಜಿನಲ್ಲಿ ತೂಕ ಕಡಿಮೆ ಹಿಡಿದು ಅರೆಮದ್ದು ಕೊಟ್ಟರೆ ಗಟ್ಟಿ ಹುಳುಗಳು ಬದುಕಿ ಮದ್ದನ್ನೇ ಜೀರ್ಣಿಸಿಕೊಳ್ಳುವ ಪೀಳಿಗೆ ಹುಟ್ಟುತ್ತದೆ. ಟ್ರೈಕ್ಲಾಬೆಂಡಜೋಲಿಗೆ ಬಗ್ಗದ ಲಿವರಿನ ಹುಳು ಆಸ್ಟ್ರೇಲಿಯದಲ್ಲಿ 1995ರಲ್ಲೇ ವರದಿಯಾಗಿದೆ. ಮನೆಯಲ್ಲಿ ದರ್ಜಿಯ ಟೇಪ್ ಇದ್ದರೆ ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯ ತನಕ ಉದ್ದ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 150, ಉದ್ದ 125 ಇರುವ ದನ ಸುಮಾರು 260 ಕಿಲೋ.

ಕಾಲದ ವಿಚಾರದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಹಿಡಿಯುವ ಮೊದಲು, ಸಗಣಿ ಪರೀಕ್ಷೆ ಮಾಡಿಸಿ ಹುಳು ಇರುವ ದನಕ್ಕೆ ಮದ್ದು ಹಾಕಿದರೆ ಬಸವನಹುಳು ಹೆಚ್ಚುವ ಹೊತ್ತಿಗೆ ತೋಟಕ್ಕೆ ಮೊಟ್ಟೆ ಬೀಳುವುದಿಲ್ಲ. ಎರಡನೆಯ ಸಲ ನವೆಂಬರ್–ಡಿಸೆಂಬರಿನಲ್ಲಿ, ಎಳೆ ಹುಳುವಿಗೂ ತಾಗುವ ಮದ್ದು. ಫೆಬ್ರವರಿಯಲ್ಲಿ ಮತ್ತೊಮ್ಮೆ ಸಗಣಿ ನೋಡಿಸಿ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ತಿಂಗಳು ತಿಂಗಳು ಹೊರಡಿಸುವ ಜಾನುವಾರು ರೋಗ ಮುನ್ಸೂಚನೆಯಲ್ಲಿ ಲಿವರಿನ ಹುಳುವಿನ ರೋಗವೂ ಸೇರಿದೆ, ಜಿಲ್ಲಾವಾರು ಸಿಗುತ್ತದೆ.

ಮನುಷ್ಯರ ಪಾಲಿಗೆ

ಲಿವರ್ ಹುಳುವಿದ್ದ ದನದ ಹಾಲಿನಿಂದಾಗಲಿ ಮಾಂಸದಿಂದಾಗಲಿ ರೋಗ ದಾಟುವುದಿಲ್ಲ. ದಾಟುವುದು ಹಸಿಯಾಗಿ ತಿನ್ನುವ ನೀರಂಚಿನ ಸೊಪ್ಪಿನಿಂದ. ನಮ್ಮ ದೇಶದಲ್ಲಿ ಮನುಷ್ಯರಿಗೆ ಲಿವರಿನ ಹುಳು ಅಪರೂಪ, ಆದರೆ ನಮ್ಮ ಅಡುಗೆಯಲ್ಲಿ ಒಂದೆಲಗ ಇದೆ. ಕಣಿಯ ಬದಿಯಲ್ಲಿ ದನ ಓಡಾಡುವ ಜಾಗದಿಂದ ಕಿತ್ತ ಒಂದೆಲಗವನ್ನು ಹಸಿಯಾಗಿಯೇ ಚಟ್ನಿ ಅರೆಯುವುದು ಬೇಡ. ಎಷ್ಟು ತೊಳೆದರೂ ಅಂಟಿದ ಕೋಶ ಪೂರ್ತಿ ಬಿಡುವುದಿಲ್ಲ. ಬಾಡಿಸಿ ತಂಬುಳಿ ಮಾಡಿದರೆ ಭಯವಿಲ್ಲ, ಹಸಿಯೇ ಬೇಕೆಂದರೆ ಮನೆಯಂಗಳದ ಕುಂಡದಲ್ಲಿ ಬೆಳೆಸಿಕೊಳ್ಳಿ.

ಏಣಿಲು, ಅಂದರೆ ಮುಂಗಾರಿನ ಭತ್ತ, ನಾಟಿ ಮಾಡಿದವರಿಗೆ, ಕಣಿ ಕೆದಕಿದವರಿಗೆ ಮರುದಿನ ಕಾಲಿನಲ್ಲಿ ಕೆಂಪು ಬೊಕ್ಕೆ, ತಡೆಯಲಾಗದ ತುರಿಕೆ ಬರುವುದಿದೆ. ದನದ ಶಿಸ್ಟೋಸೋಮದ ಸರ್ಕೇರಿಯಗಳು ಮನುಷ್ಯನ ಚರ್ಮಕ್ಕೂ ನುಗ್ಗಿ, ಮುಂದೆ ಹೋಗಲಾಗದೆ ಅಲ್ಲೇ ಸಾಯುವಾಗ ಹೀಗಾಗುತ್ತದೆ. ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಗಂಬೂಟು ಹಾಕಿ ಇಳಿಯುವುದು, ಮೇಲೆ ಬಂದ ಕೂಡಲೇ ಕಾಲನ್ನು ಗಟ್ಟಿಯಾಗಿ ಒರೆಸುವುದು ಎರಡೂ ಪ್ರಯೋಜನಕ್ಕೆ ಬರುತ್ತವೆ. ಕೆರೆದು ಹುಣ್ಣಾಗಿ ಕೀವು ತುಂಬಿದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದ ಜ್ವರವನ್ನು ಇಲಿಜ್ವರ ಅಲ್ಲ ಎಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಮನುಷ್ಯನಲ್ಲೇ ಬೆಳೆಯುವ ಶಿಸ್ಟೋಸೋಮದ ನೆಲೆಯೊಂದು ನಮ್ಮ ದೇಶದಲ್ಲಿ 1952ರಲ್ಲಿ ದಾಖಲಾದದ್ದು ಕೊಂಕಣದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಊರಿನಲ್ಲಿ.

ಇನ್ನು ಏಡಿ. ಶ್ವಾಸಕೋಶದ ಹುಳು ಪ್ಯಾರಾಗೋನಿಮಸ್ ಸಿಹಿನೀರಿನ ಏಡಿಯಿಂದ ಬರುತ್ತದೆ. ಮಣಿಪುರದ ಕಡೆ ಅದನ್ನು ಕ್ಷಯವೆಂದು ತಪ್ಪಾಗಿ ತಿಳಿದು ಚಿಕಿತ್ಸೆ ಕೊಟ್ಟ ಪ್ರಸಂಗಗಳಿವೆ. ತೋಡಿನ ಏಡಿಯನ್ನು ಚೆನ್ನಾಗಿ ಬೇಯಿಸಿ ತಿನ್ನುವ ನಮ್ಮ ಪದ್ಧತಿಯೇ ಅದಕ್ಕೆ ತಕ್ಕ ತಡೆ. ಅರೆಬೆಂದದ್ದನ್ನು ಮಕ್ಕಳಿಗೆ ಕೊಡಬೇಡಿ, ಹಸಿ ಏಡಿ ಕುಟ್ಟಿದ ಕಲ್ಲಿನಲ್ಲಿ ತೊಳೆಯದೆ ಚಟ್ನಿ ಅರೆಯಬೇಡಿ.

ಸಗಣಿ ಮಾದರಿ ಒಯ್ಯುವಾಗ ನೆಲದಿಂದ ಬಾಚಬೇಡಿ. ದನ ಹಾಕಿದ ಕೂಡಲೇ, ಮಧ್ಯದಿಂದ ಒಂದು ನಿಂಬೆಗಾತ್ರ ತೆಗೆದು, ಬಿಗಿ ಮುಚ್ಚಳದ ಶುದ್ಧ ಡಬ್ಬಿಯಲ್ಲಿ ಹಾಕಿ. ದನದ ಗುರುತು, ದಿನಾಂಕ, ಕೊನೆಯ ಸಲ ಯಾವ ಹುಳದ ಮದ್ದು ಯಾವಾಗ ಕೊಟ್ಟದ್ದು ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಅದೇ ದಿನ ತಲುಪಿಸಲಾಗದಿದ್ದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಬಹುದು, ಫ್ರೀಜರಿನಲ್ಲಿ ಬೇಡ. ದನ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ಮಾದರಿಗಾಗಿ ಕಾಯದೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಗೇ ಬರುತ್ತದೆ.